ತೊಂಬತ್ತೊಂದು ಒಂದುಗಳ ಭಟ್ಟರು

ಕಾರವಾರದ ಕೋಡಿಬಾಗದಲ್ಲಿ ಗಜಾನನ ಭಟ್ಟರ ಮನೆ ಯಾವುದೆಂದು ಕೇಳಿದರೆ ರಿಕ್ಷಾದವರು ‘ಯಾವ ಭಟ್ರು? ಲೆಕ್ಕದ ಭಟ್ರೋ?’ ಎಂದು ಮರುಪ್ರಶ್ನೆ ಹಾಕುತ್ತಾರೆ. ಇದು ಭಟ್ಟರಿಗೆ ಗೊತ್ತು. ಗೊತ್ತಿರುವುದರಿಂದಲೇ ಅವರು ಮನೆಗೆ ಬರುವ ನೆಂಟರಿಗೆ ವಿಳಾಸ ಕೊಡುವುದಿಲ್ಲ. “ಸ್ಟ್ಯಾಂಡಲ್ಲಿ ಕೇಳಿ, ಹೇಳ್ತಾರೆ” ಎನ್ನುತ್ತಾರೆ.

ಅವರ ವೃತ್ತಿಜೀವನವನ್ನು ಹೇಳಿ ಮುಗಿಸಲು ಹೆಚ್ಚು ಹೊತ್ತು ಬೇಡ. ಕಾರವಾರದ ಒಂದು ಸರ್ಕಾರಿ ಕಚೇರಿಯಲ್ಲಿ ಅವರು ಮೂವತ್ತನಾಲ್ಕು ವರ್ಷ ಮಳೆ ಅಳೆದರು. ಕಚೇರಿಯ ಅಂಗಳದಲ್ಲಿ ಮಳೆಮಾಪಕವಿತ್ತು. ಬೆಳಿಗ್ಗೆ ಎಂಟೂವರೆಗೆ ಅದರಲ್ಲಿ ಎಷ್ಟು ನೀರು ನಿಂತಿದೆ ಎಂದು ನೋಡಿ ಬರೆದುಕೊಳ್ಳಬೇಕು. ಭಟ್ಟರ ಮೇಜಿನಿಂದ ಮಳೆಮಾಪಕಕ್ಕೆ ಹದಿನಾರು ಹೆಜ್ಜೆ. ಈ ಹದಿನಾರು ಹೆಜ್ಜೆಯ ಸೇವೆಯನ್ನು ಅವರು ವಿವರಿಸುವಾಗ ಕೇಳುವವರಿಗೆ, ಯಾರೋ ದೋಣಿ ಹತ್ತಿ ಅರಬ್ಬೀ ಸಮುದ್ರದ ನಡುವಿಗೆ ಹೋಗಿ ಬಂದಂತೆ ಅನಿಸುತ್ತಿತ್ತು.

ಮಳೆಯ ಲೆಕ್ಕದ ಜೊತೆಗೆ ಇನ್ನೊಂದು ಸಾಲು ಇರುತ್ತಿತ್ತು. ಆ ದಿನ ಅಳತೆ ತೆಗೆದಿದ್ದರೆ ಒಂದು, ತಪ್ಪಿದ್ದರೆ ಸೊನ್ನೆ. ಭಾನುವಾರವೂ ಬಿಡುವಿಲ್ಲ. ಒಂದು ವರ್ಷ ಜೂನ್ ಒಂದರಿಂದ ಆಗಸ್ಟ್ ಮೂವತ್ತರವರೆಗೆ ಭಟ್ಟರ ಸಾಲಿನಲ್ಲಿ ಒಂದೇ ಒಂದು ಸೊನ್ನೆ ಬೀಳಲಿಲ್ಲ. ತೊಂಬತ್ತೊಂದು ದಿನ, ತೊಂಬತ್ತೊಂದು ಒಂದು. ಮೇಲಧಿಕಾರಿ ಅದನ್ನು ಗಮನಿಸದೆ ಸಹಿ ಹಾಕಿ ಕಳಿಸಿದರು. ಭಟ್ಟರು ಮಾತ್ರ ಆ ಸಾಲನ್ನು ಬಹಳ ಹೊತ್ತು ನೋಡಿದರು. ನೋಡುತ್ತ ನೋಡುತ್ತ ಅವರಿಗೆ ಅದು ಹಾಜರಿಯಂತೆ ಕಾಣದೆ ಒಂದೇ ಒಂದು ಸಂಖ್ಯೆಯಂತೆ ಕಂಡಿತು. ತೊಂಬತ್ತೊಂದು ಅಂಕಿಗಳ, ಹೆಸರಿಲ್ಲದ, ಲಕ್ಷ ಕೋಟಿಗಳನ್ನೆಲ್ಲ ಎಲ್ಲೋ ಹಿಂದೆ ಬಿಟ್ಟು ಬಂದ ಒಂದು ಸಂಖ್ಯೆ.

ಆ ಸಂಖ್ಯೆಯ ಮೇಲೆ ಅವರಿಗೆ ಪ್ರೀತಿ ಹುಟ್ಟಿತು. ನಿವೃತ್ತಿಯಾದ ಮೇಲೆ ಅದು ಮದುವೆಯ ಹಂತಕ್ಕೆ ಬಂತು.

ಇದು ಯಾವುದರಿಂದಲೂ ಭಾಗವಾಗುವುದಿಲ್ಲ ಎಂಬುದು ಭಟ್ಟರ ಸಿದ್ಧಾಂತ. ಒಂದರಿಂದ ಮತ್ತು ತನ್ನಿಂದ ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಯನ್ನು ಅವಿಭಾಜ್ಯ ಎನ್ನುತ್ತಾರೆ ಎಂದು ಎಲ್ಲರಿಗೂ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ, ಎಲ್ಲರೂ ಮರೆತಿರುತ್ತಾರೆ. ಭಟ್ಟರು ಮರೆತಿರಲಿಲ್ಲ. ಅವರು ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ಭಾಗಾಕಾರ ಶುರುಮಾಡಿದರು. ಎರಡು, ಮೂರು, ಐದು, ಏಳು, ಹನ್ನೊಂದು, ಹದಿನೇಳು. ಒಂದೊಂದಕ್ಕೂ ಒಂದೊಂದು ತಿಂಗಳ ಹಾಳೆ. ಪ್ರತಿ ಸಲವೂ ಕೊನೆಯಲ್ಲಿ ಏನಾದರೂ ಶೇಷ ಉಳಿಯುತ್ತಿತ್ತು, ಪ್ರತಿ ಸಲವೂ ಭಟ್ಟರು ಮೀಸೆ ತಿರುವುತ್ತಿದ್ದರು. ನಲವತ್ತೇಳರವರೆಗೆ ಹೋಗಿ ನಿಲ್ಲಿಸಿದರು. ಕಣ್ಣಿನ ಆಪರೇಷನ್ ಆಗಿತ್ತು, ಮತ್ತು ನಲವತ್ತೇಳಕ್ಕೆ ಜಗ್ಗದ್ದು ಇನ್ನು ಯಾವುದಕ್ಕೂ ಜಗ್ಗುವುದಿಲ್ಲ ಎಂದು ಅವರಿಗೆ ಒಳಗಿನಿಂದ ತಿಳಿದಿತ್ತು. ಸಾಲಿನಲ್ಲಿ ಮುಂದಿನದು ಐವತ್ತಮೂರು. ಅದನ್ನೊಂದು ಮಾಡಿದ್ದರೆ ಸಂಖ್ಯೆ ಶೇಷವಿಲ್ಲದೆ ಒಡೆದುಹೋಗುತ್ತಿತ್ತು, ಈ ಕಥೆಯೂ ಇರುತ್ತಿರಲಿಲ್ಲ.

“ಯಂತಕ್ಕೆ ಇಷ್ಟು ಕಾಗದ ಹಾಳು ಮಾಡ್ತ್ರಿ?” ಎಂದು ಹೆಂಡತಿ ವಸುಮತಿ ಕೇಳಿದರು. “ಒಡೀತಿಲ್ಲೆ ಹೇಳಾದ್ರೆ ಬಿಟ್ಟಾಕಿ. ಒಡೀದೇ ಇದ್ರೆ ಯಾರಿಗೆ ಎಂತ ಲುಕ್ಸಾನು?”

“ನಿಂಗೆ ಇದೆಲ್ಲ ಅರ್ಥ ಆಗ್ತಿಲ್ಲೆ.”

“ಅರ್ಥ ಆಗ್ತು. ನಿಂಗಕ್ಕೆ ಪೇಪರಲ್ಲಿ ಹೆಸರು ಬರವು, ಅಷ್ಟೇಯ.”

ವಸುಮತಿಯವರ ತಂಗಿಯ ಮಗಳು ಒಮ್ಮೆ ಬಂದವಳು ತನ್ನ ಫೋನಿನಲ್ಲಿ ಆ ಸಂಖ್ಯೆಯನ್ನು ಒತ್ತಿ ತೋರಿಸಿದಳು. ಪರದೆಯ ಮೇಲೆ ಒಂದು, ಒಂದು ಚುಕ್ಕೆ, ಇನ್ನೆರಡು ಒಂದು, ಪಕ್ಕದಲ್ಲಿ ಇಂಗ್ಲಿಷಿನ ಒಂದು ಅಕ್ಷರ, ಆಮೇಲೆ ತೊಂಬತ್ತು ಎಂದು ಬಂತು. “ನೋಡು, ನಿನ್ನ ಫೋನೂ ಸೋತು ಹೋತು” ಎಂದು ಭಟ್ಟರು ಅವಳಿಗೆ ಸಮಾಧಾನ ಹೇಳಿದರು.

ಭಟ್ಟರು ಬರೀ ಭಾಗಾಕಾರವನ್ನು ನಂಬಿ ಕೂತವರಲ್ಲ. ಅವರ ಬಳಿ ಒಂದು ಸೂಕ್ಷ್ಮವಾದ ತರ್ಕವೂ ಇತ್ತು, ಮತ್ತು ಅದು ಅರ್ಧ ಸರಿಯಾಗಿಯೇ ಇತ್ತು. ನಾಲ್ಕು ಒಂದುಗಳಿದ್ದರೆ ಎರಡೆರಡಾಗಿ ತುಂಡು ಮಾಡಬಹುದು, ಆದ್ದರಿಂದ ಅದು ಹನ್ನೊಂದರಿಂದ ಒಡೆಯುತ್ತದೆ. ಆರು ಒಂದುಗಳಿದ್ದರೆ ಮೂರು ಮೂರಾಗಿ ತುಂಡು ಮಾಡಬಹುದು, ಅದು ನೂರ ಹನ್ನೊಂದರಿಂದ ಒಡೆಯುತ್ತದೆ. ಎಂದರೆ, ಎಷ್ಟು ಒಂದುಗಳಿವೆಯೋ ಆ ಎಣಿಕೆಯನ್ನು ಸಮಪಾಲು ಮಾಡಲು ಬರುವಂತಿದ್ದರೆ ಇಡೀ ಸಂಖ್ಯೆಯೂ ಒಡೆಯುತ್ತದೆ. ತಮ್ಮ ಸಂಖ್ಯೆಯ ಎಣಿಕೆ ತೊಂಬತ್ತೊಂದು. ತೊಂಬತ್ತೊಂದನ್ನು ಸಮಪಾಲು ಮಾಡಲು ಬರುವುದಿಲ್ಲ. ಆದ್ದರಿಂದ ಇತಿ ಸಿದ್ಧಂ.

ತೊಂಬತ್ತೊಂದನ್ನು ಸಮಪಾಲು ಮಾಡಲು ಬರುವುದಿಲ್ಲ ಎಂದು ಅವರಿಗೆ ಹೇಗೆ ಗೊತ್ತಾಯಿತು? ಮಗ್ಗಿಯಿಂದ. ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಮಗ್ಗಿಗಳನ್ನು ಒಂದೊಂದಾಗಿ ಹೇಳಿಕೊಂಡು ನೋಡಿದರು. ಏಳರ ಮಗ್ಗಿ ಹತ್ತು ಹೆಜ್ಜೆ ನಡೆದು ಎಪ್ಪತ್ತಕ್ಕೆ ಕೂತುಬಿಡುತ್ತದೆ. ಒಂಬತ್ತರದು ತೊಂಬತ್ತಕ್ಕೆ ಬಂದು ಇನ್ನೊಂದಕ್ಕಾಗಿ ಕೈಚೆಲ್ಲುತ್ತದೆ. ಹನ್ನೊಂದರದು ಎಂಬತ್ತೆಂಟರಿಂದ ತೊಂಬತ್ತೊಂಬತ್ತಕ್ಕೆ ಹಾರುತ್ತದೆ. ಹನ್ನೆರಡರದು ಎಂಬತ್ತನಾಲ್ಕು, ತೊಂಬತ್ತಾರು. ಹದಿನಾಲ್ಕರದು ಎಂಬತ್ತನಾಲ್ಕು, ತೊಂಬತ್ತೆಂಟು. ಹದಿನೈದರದು ತೊಂಬತ್ತು, ನೂರೈದು. ಯಾವುದರಲ್ಲಿಯೂ ತೊಂಬತ್ತೊಂದು ಇಲ್ಲ.

ಈ ಪಟ್ಟಿಯಲ್ಲಿ ಒಂದು ಮಗ್ಗಿ ಬಿಟ್ಟುಹೋಗಿದೆ ಎಂದು ಓದುಗರಿಗೆ ಕಂಡಿರಬಹುದು. ಭಟ್ಟರಿಗೆ ಕಾಣಲಿಲ್ಲ, ಮತ್ತು ಅದಕ್ಕೆ ಅವರ ಅಜ್ಜ ಕಾರಣ. ಅಂಕೋಲೆಯ ಮೇಲಣ ಅಚವೆಯ ಕಡೆಯವರಾದ ಅಜ್ಜ ಊರವರ ಉತ್ತರಕ್ರಿಯೆ ಮಾಡಿಸುವ ಪುರೋಹಿತರು. ಸತ್ತವರ ಹದಿಮೂರನೆಯ ದಿನದ ಊಟ ಉಂಡು ಬಂದು ಬಂದು ಅವರಿಗೆ ಆ ಸಂಖ್ಯೆಯ ಮೇಲೆ ಎಂಥ ಜಿಗುಪ್ಸೆ ಬಂದಿತ್ತೆಂದರೆ, ಅದನ್ನು ಮನೆಯ ಹೊಸ್ತಿಲೊಳಗೆ ಉಚ್ಚರಿಸಬಾರದು ಎಂದು ಕಟ್ಟು ಮಾಡಿದ್ದರು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳು ಸಾಲಾಗಿ ಕೂತು ಮಗ್ಗಿ ಹೇಳುವಾಗ ಹನ್ನೆರಡರದು ಮುಗಿದ ಕೂಡಲೇ ಹದಿನಾಲ್ಕರದು ಶುರು. ಶಾಲೆಯಲ್ಲಿ ಮಾಸ್ತರರು ಹದಿಮೂರರದನ್ನು ಹೇಳಿಸುವಾಗ ಗಜಾನನ ಉಳಿದವರ ಜೊತೆ ತುಟಿ ಅಲ್ಲಾಡಿಸುತ್ತಿದ್ದ. ತಾನು ಧರ್ಮ ಉಳಿಸುತ್ತಿದ್ದೇನೆ ಎಂದೇ ಅವನ ನಂಬಿಕೆ. ಈ ತುಟಿ ಅಲ್ಲಾಡಿಸುವ ವಿದ್ಯೆ ಮುಂದೆ ಕಚೇರಿಯ ಮೀಟಿಂಗುಗಳಲ್ಲಿಯೂ ಉಪಯೋಗಕ್ಕೆ ಬಂತು. ಅರವತ್ತಮೂರು ವರ್ಷದ ಗಜಾನನ ಭಟ್ಟರ ತಲೆಯಲ್ಲಿ ಈಗಲೂ ಹನ್ನೆರಡರ ಪಕ್ಕದ ಮನೆ ಹದಿನಾಲ್ಕು.

ಹೀಗೆ ಸಿದ್ಧವಾದ ಶೋಧವನ್ನು ಒಂದು ಸ್ಥಳೀಯ ವಾರಪತ್ರಿಕೆ ಫೋಟೋ ಸಮೇತ ಪ್ರಕಟಿಸಿತು. ‘ಕಾರವಾರದ ನಿವೃತ್ತ ನೌಕರರಿಂದ ಒಡೆಯದ ಸಂಖ್ಯೆ’. ಪತ್ರಿಕೆಯವರು ಅದನ್ನು ಪರೀಕ್ಷಿಸಲಿಲ್ಲ, ಭಟ್ಟರೇ ಕೊಟ್ಟ ಫೋಟೋ ಚೆನ್ನಾಗಿತ್ತು. ಇದನ್ನು ನೋಡಿ ಅಂಕೋಲೆಯ ಸಮುದ್ರದ ಬದಿಯ ಒಂದು ಪ್ರೌಢಶಾಲೆಯ ಮುಖ್ಯಾಧ್ಯಾಪಿಕೆ ರೂಪಾ ನಾಯಕ ಡಿಸೆಂಬರಿನ ಗಣಿತ ದಿನಕ್ಕೆ ಅವರನ್ನು ಮುಖ್ಯ ಅತಿಥಿಯಾಗಿ ಕರೆದರು. ಸನ್ಮಾನ ಇದೆ, ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸುತ್ತೇವೆ ಎಂದರು. ಆಮಂತ್ರಣ ಪತ್ರಿಕೆಯಲ್ಲಿ ಭಟ್ಟರ ಹೆಸರಿನ ಕೆಳಗೆ ‘ಅವಿಭಾಜ್ಯ ಸಂಖ್ಯೆಯ ಶೋಧಕರು’ ಎಂದು ಅಚ್ಚಾಗಿತ್ತು. ಭಟ್ಟರು ಐವತ್ತು ಪ್ರತಿ ಕೇಳಿ ತರಿಸಿಕೊಂಡರು.

ಗೋಡೆ ಎಂಬ ಮಾತು ಅವರನ್ನು ಮೂರು ವಾರ ನಿದ್ದೆ ಮಾಡಗೊಡಲಿಲ್ಲ. ಶಾಲು ಪೆಟ್ಟಿಗೆ ಸೇರುತ್ತದೆ, ಹಣ್ಣಿನ ಬುಟ್ಟಿ ಎರಡು ದಿನ. ಗೋಡೆ ಹಾಗಲ್ಲ. ಅವರು ಮೂವತ್ತನಾಲ್ಕು ವರ್ಷ ಬರೆದದ್ದೆಲ್ಲ ಮಳೆಯ ಲೆಕ್ಕ, ಅದನ್ನು ಯಾರೂ ಓದಿರಲಿಲ್ಲ. ಈಗ ಇನ್ನೂರ ನಲವತ್ತು ಮಕ್ಕಳು ದಿನಾ ಪ್ರಾರ್ಥನೆಗೆ ನಿಂತಾಗ ಓದುತ್ತಾರೆ. “ಅಲ್ಲಿ ನಾನು ಇಲ್ಲದಾಗಲೂ ನಾನು ಇರ್ತೆ” ಎಂದು ಅವರು ವಸುಮತಿಯವರಿಗೆ ಹೇಳಿದರು. ವಸುಮತಿ, “ಇಲ್ಲಿ ಇದ್ದಾಗಲೂ ಇರ್ತ್ರಿಲ್ಲೆ” ಎಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದರು.

ಕಾರ್ಯಕ್ರಮ ಹನ್ನೊಂದಕ್ಕೆ. ಭಟ್ಟರು ಎಂಟು ಗಂಟೆಯ ಬಸ್ಸು ಹತ್ತಿದರು. ಅಮದಳ್ಳಿ ದಾಟುವಷ್ಟರಲ್ಲಿ ಪಕ್ಕದ ಸೀಟಿನ ಮನುಷ್ಯನಿಗೆ ಅವಿಭಾಜ್ಯ ಎಂದರೇನೆಂದು ತಿಳಿದಿತ್ತು. ಅವನು ಅಂಕೋಲೆಗೆ ಹೋಗಬೇಕಾದವನು ಅವರ್ಸಾದಲ್ಲೇ ಇಳಿದುಕೊಂಡ.

ಶಾಲೆಯ ಗೋಡೆ ಸಿದ್ಧವಾಗಿತ್ತು. ಬರೆದವನು ಬಾಳಾ ಹರಿಕಂತ್ರ, ಬೇಲೆಕೇರಿಯವನು. ಊರಲ್ಲಿ ಅವನಿಗೆ ಎರಡು ಕೆಲಸ. ಅಂಗಡಿ ಬೋರ್ಡು, ಶಾಲೆ ಗೋಡೆ ಬರೆಯುವುದು ಒಂದು. ರಂಪಣಿ ಬಲೆ ಎಳೆದ ದಿನ ದಂಡೆಯ ಮೇಲೆ ಮೀನಿನ ಪಾಲು ಹಾಕುವುದು ಇನ್ನೊಂದು. ಐವತ್ತು ಜನ ಹಗ್ಗ ಎಳೆದಿರುತ್ತಾರೆ, ಪ್ರತಿಯೊಬ್ಬನಿಗೂ ತನ್ನ ಪಾಲಿನಲ್ಲಿ ಒಂದು ಬಂಗಡೆ ಕಡಿಮೆ ಬಿದ್ದಿದೆ ಎಂಬ ಗುಮಾನಿ ಹುಟ್ಟಿನಿಂದಲೇ ಇರುತ್ತದೆ. ಬಾಳಾ ಪಾಲು ಹಾಕಿದರೆ ಮಾತ್ರ ಯಾರೂ ಬಾಯಿ ತೆಗೆಯುವುದಿಲ್ಲ. ಮರಳಿನ ಮೇಲೆ ಸಾಲಾಗಿ ಇಟ್ಟು, ಸಾಲಿಗೆ ಸಾಲು ಸಮ ಇದೆಯೆಂದು ಎಲ್ಲರಿಗೂ ಕಾಣುವಂತೆ ಮಾಡುವುದು ಅವನ ಪದ್ಧತಿ.

“ಬರ್ರಿ ಭಟ್ರೆ” ಎಂದ ಬಾಳಾ ಏಣಿಯ ಮೇಲಿಂದ. “ನಿಮ್ದು ಭಾರೀ ಉದ್ದ ಮಾರಾಯ್ರೆ. ಒಂದೇ ಸಾಲಲ್ಲಿ ಹಾಕೂಕೆ ಹೋದ್ರೆ ಅಲ್ಲಿ ಸಂಡಾಸಿನ ಬಾಗ್ಲ ಮೇಲೆ ಹೋಗ್ತಿತ್ತು. ಅದ್ಕೇ ಪಾಲ್ ಹಾಕ್ದೆ. ಏಳು ಸಾಲು, ಸಾಲಿಗೆ ಹದಿಮೂರು. ನೋಡಿ, ಒಂದೂ ಉಳೀಲಿಲ್ಲ.”

ಭಟ್ಟರು ನೋಡಿದರು. ಕೆಂಪು ಬಣ್ಣದ ಒಂದುಗಳು ಏಳು ಸಾಲಾಗಿ, ಒಂದರ ಕೆಳಗೊಂದು, ಓರೆಕೋರೆಯಿಲ್ಲದೆ ನಿಂತಿದ್ದವು. ಮೊದಲು ಅವರಿಗೆ ಅಂದ ಕಂಡಿತು. ಆಮೇಲೆ ತಮ್ಮದೇ ತರ್ಕ ನೆನಪಾಯಿತು. ಮೇಲಿನ ಸಾಲಿನ ಹದಿಮೂರು ಒಂದುಗಳನ್ನು ಒಂದು ಸಂಖ್ಯೆಯೆಂದು ಹಿಡಿದರೆ, ಕೆಳಗಿನ ಆರು ಸಾಲುಗಳಲ್ಲಿಯೂ ಅದೇ ಇದೆ. ಅದರಿಂದ ಭಾಗಿಸಿದರೆ ಮೊದಲ ಸಾಲಿಗೆ ಒಂದು, ಎರಡನೆಯದಕ್ಕೆ ಒಂದು, ಹೀಗೆ ಏಳಕ್ಕೂ ಒಂದೊಂದು, ಶೇಷ ಸೊನ್ನೆ. ಅವರು ಬೆರಳು ಹಿಡಿದು ಸಾಲು ಎಣಿಸಿದರು, ಆಮೇಲೆ ಒಂದೊಂದು ಸಾಲಿನ ಒಂದುಗಳನ್ನು ಎಣಿಸಿದರು. ಬಾಳಾ ಎಲ್ಲಿಯೋ ತಪ್ಪು ಮಾಡಿರಬೇಕೆಂಬ ಆಸೆ ಏಳನೆಯ ಸಾಲಿನವರೆಗೂ ಇತ್ತು.

“ಎಂತ, ಕಮ್ಮಿ ಬಿತ್ತಾ?” ಎಂದ ಬಾಳಾ. ರಂಪಣಿ ದಂಡೆಯ ಮೇಲೆ ಈ ಪ್ರಶ್ನೆ ಕೇಳಿ ಅವನಿಗೆ ಅಭ್ಯಾಸ.

“ಇಲ್ಲ. ಸರಿಯಾಗಿ ಅದೆ.” ಭಟ್ಟರು ಗೋಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದರು. “ಬಾಳಾ, ಇದನ್ನ ಹತ್ತು ಹತ್ತರ ಸಾಲು ಮಾಡ್ಲಿಕ್ಕೆ ಬರ್ತದಾ?”

“ಹತ್ತರದು ಮಾಡಿದ್ರೆ ಒಂಬತ್ತು ಸಾಲಾಗಿ ಒಂದು ಉಳೀತದೆ.”

“ಉಳೀಲಿ.”

“ಹಂಗಲ್ಲ ಭಟ್ರೆ. ಉಳಿದ ಒಂದನ್ನ ಎಲ್ಲಿ ಇಡೂದು? ದಂಡೆ ಮೇಲೆ ಒಂದು ಮೀನು ಉಳಿದ್ರೆ ಅಣ್ಣ ತಮ್ಮ ಮಾತು ಬಿಡ್ತ್ರು. ಮತ್ತೆ ಇದು ಒಣಗಿ ಹೋಗ್ಯದೆ. ಸುಣ್ಣ ಹೊಡ್ದು ಹೊಸ್ದಾಗಿ ಬರೀಬೇಕು. ಮೇಲಿಂದು ತಲೆಬರಹ ಒಂದು ಬಾಕಿ ಅದೆ, ಅಷ್ಟೇ. ಹೆಡ್ ಅಕ್ಕೋರು ಭಟ್ರನ್ನೇ ಕೇಳು ಅಂದ್ರು. ಎಂತ ಬರೀಲಿ, ಹೇಳಿ.”

ಗೋಡೆಯ ಮೇಲ್ಭಾಗದಲ್ಲಿ ಬಿಳಿಯ ಪಟ್ಟಿಯೊಂದು ಖಾಲಿ ಇತ್ತು. ಭಟ್ಟರು ಅದಕ್ಕಾಗಿಯೇ ಮೂರು ವಾರ ವಾಕ್ಯ ಕಟ್ಟಿದ್ದರು, ಚೀಟಿ ಅಂಗಿಯ ಜೇಬಿನಲ್ಲಿತ್ತು. ಅವರು ಜೇಬಿನ ಮೇಲೆ ಕೈ ಇಟ್ಟುಕೊಂಡು, “ತಡೀ, ಅಕ್ಕೋರ ಹತ್ರ ಮಾತಾಡಿ ಬರ್ತೆ” ಎಂದು ಆಫೀಸಿನ ಕಡೆ ಹೊರಟರು.

ಮುಖ್ಯಾಧ್ಯಾಪಿಕೆ ರೂಪಾ ನಾಯಕ ಸ್ವತಃ ಗಣಿತದ ಅಧ್ಯಾಪಿಕೆ. ಸ್ಮರಣಿಕೆಗೆ ಬಣ್ಣದ ಕಾಗದ ಸುತ್ತುತ್ತಿದ್ದರು. ಭಟ್ಟರು ಕುರ್ಚಿಯ ಅಂಚಿನಲ್ಲಿ ಕೂತು, ಗೋಡೆಯ ವಿನ್ಯಾಸದ ಬಗ್ಗೆ ತಮಗೊಂದು ಸಣ್ಣ ಆಕ್ಷೇಪವಿದೆ ಎಂದು ಶುರುಮಾಡಿದರು.

“ಹದಿಮೂರೇಳು ತೊಂಬತ್ತೊಂದು ಅಲ್ವಾ ಸರ್” ಎಂದರು ರೂಪಾ, ಟೇಪು ಕಚ್ಚಿ ಹರಿಯುತ್ತ.

ಅರವತ್ತಮೂರು ವರ್ಷದಲ್ಲಿ ಈ ವಾಕ್ಯವನ್ನು ಒಬ್ಬರು ತಮ್ಮ ಎದುರಿಗೆ, ತಮಗೇ ಹೇಳಿದ್ದನ್ನು ಭಟ್ಟರು ಮೊದಲ ಸಲ ಕೇಳಿದರು. ಯಾರೂ ಸಾಯಲಿಲ್ಲ.

“ನಿಮಗೆ ಗೊತ್ತಿತ್ತಾ?”

“ಹದಿನೈದು ದಿವ್ಸ ಆಯ್ತು. ಬಾಳಾ ಸಾಲು ಲೆಕ್ಕ ಹಾಕ್ಲಿಕ್ಕೆ ಬಂದಾಗ.”

“ಮತ್ತೆ ಹೇಳ್ಲಿಲ್ಲ?”

“ಆಮಂತ್ರಣ ಪತ್ರಿಕೆ ಪ್ರಿಂಟಾಗಿ ಹೋಗಿತ್ತು ಸರ್. ಹೋದ ವರ್ಷದ ಅತಿಥಿಗಳು ಸೊನ್ನೆ ತಮ್ಮ ಊರಲ್ಲೇ ಹುಟ್ಟಿದ್ದು ಅಂತ ಒಂದೂವರೆ ತಾಸು ಹೇಳಿದ್ರು. ನಿಮ್ದು ಅಷ್ಟೇನಿಲ್ಲ.”

ಭಟ್ಟರು ಸಮಾಧಾನಗೊಳ್ಳಲು ಪ್ರಯತ್ನಿಸಿದರು. “ಎಣಿಕೆ ತೊಂಬತ್ತೊಂದರ ಬದಲು ಎಂಬತ್ತೊಂಬತ್ತು ಇದ್ದಿದ್ರೆ ನನ್ನ ತರ್ಕ ಗಟ್ಟಿ ಇತ್ತು.”

“ಅದೂ ಇಲ್ಲ ಸರ್. ಎಣಿಕೆ ಒಡೆದ್ರೆ ಸಂಖ್ಯೆ ಒಡೀತದೆ, ಖರೆ. ಎಣಿಕೆ ಒಡೀದಿದ್ರೆ ಸಂಖ್ಯೆ ಒಡೀಬಾರ್ದು ಅಂತ ಎಲ್ಲಿ ಅದೆ? ಮೂರು ಒಂದು ತಗೊಳ್ಳಿ. ಮೂರು ಒಡೀದಿಲ್ಲ. ನೂರ ಹನ್ನೊಂದು ಅಂದ್ರೆ ಮೂರು ಮೂವತ್ತೇಳು.”

ಭಟ್ಟರು ಮನಸ್ಸಿನಲ್ಲಿ ಗುಣಿಸಿದರು. ಹೌದು. ಸಿದ್ಧಾಂತದ ಉಳಿದರ್ಧವೂ ಆ ಆಫೀಸಿನಲ್ಲೇ, ಹೂದಾನಿಯ ಪಕ್ಕದಲ್ಲಿ, ಮುಗಿದುಹೋಯಿತು.

“ನೋಡಿ ಸರ್” ಎಂದು ರೂಪಾ ಸ್ಮರಣಿಕೆಯನ್ನು ಬದಿಗಿಟ್ಟರು. “ಭಾಷಣದಲ್ಲಿ ನೀವು ಎಂತ ಹೇಳ್ತ್ರೋ ಅದು ನಿಮ್ದು. ಮಕ್ಕಳು ಕೇಳೂದೂ ಇಲ್ಲ. ಗೋಡೆ ಮಾತ್ರ ಹಂಗಲ್ಲ, ಅವ್ರು ಅಲ್ಲೇ ನಿಂತು ದೊಡ್ಡಾಗ್ತಾರೆ. ಅದ್ರ ಮೇಲೆ ತಪ್ಪು ಬರೆಸ್ಲಿಕ್ಕೆ ನಂಗಾಗೂದಿಲ್ಲ. ನೀವು ಸರೀದು ಹೇಳಿದ್ರೆ ನಿಮ್ಮ ಹೆಸ್ರು ಹಾಕಿ ಬರೆಸ್ತೇನೆ. ಹೇಳದಿದ್ರೆ ಖಾಲಿ ಬಿಡ್ತೇನೆ. ಸುಮ್ನೆ ಒಂದು, ಒಂದು, ಒಂದು ಅಂತ ಇರ್ತದೆ.”

ಭಟ್ಟರಿಗೆ ಈಗ ಆಯ್ಕೆ ಸ್ಪಷ್ಟವಾಯಿತು. ಬಾಯಿ ಮುಚ್ಚಿಕೊಂಡರೆ ಶೋಧಕರಾಗಿಯೇ ಶಾಲು ಹೊದ್ದು ಕಾರವಾರಕ್ಕೆ ಮರಳಬಹುದು, ಆದರೆ ಗೋಡೆಯ ಮೇಲೆ ಹೆಸರಿಲ್ಲ. ಬಾಯಿ ಬಿಟ್ಟರೆ ಹೆಸರಿದೆ, ಆದರೆ ಐವತ್ತು ಆಮಂತ್ರಣ ಪತ್ರಿಕೆ ಹಂಚಿದವನ ಮುಖ ಇಲ್ಲ. ಸತ್ಯಕ್ಕೂ ಸುಳ್ಳಿಗೂ ನಡುವೆ ಆರಿಸಿಕೊಳ್ಳುವುದು ಸುಲಭ, ಒಂದು ಮೆರವಣಿಗೆಗೂ ಇನ್ನೊಂದು ಮೆರವಣಿಗೆಗೂ ನಡುವೆ ಕಷ್ಟ.

ಕಾರ್ಯಕ್ರಮ ಶುರುವಾಯಿತು. ಸ್ವಾಗತ ಮಾಡಿದವರು ಭಟ್ಟರನ್ನು ಅವಿಭಾಜ್ಯ ಸಂಖ್ಯೆಯ ಶೋಧಕರೆಂದು ಮೂರು ಸಲ ಕರೆದರು. ಪ್ರತಿ ಸಲವೂ ಭಟ್ಟರು ಕುರ್ಚಿಯಲ್ಲಿ ಸ್ವಲ್ಪ ಕೆಳಗೆ ಜಾರಿದರು. ಶಾಲು ಬಂತು, ಪೇಟ ಬಂತು. ಪೇಟ ಒಂದು ಸೈಜು ದೊಡ್ಡದಿತ್ತು. ಎದುರಿಗೆ ಮಕ್ಕಳು, ಅವರ ಹಿಂದೆ ಗೋಡೆ, ಗೋಡೆಯ ಪಕ್ಕ ಏಣಿಗೆ ಒರಗಿ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿಟ್ಟುಕೊಂಡ ಬಾಳಾ.

ಭಟ್ಟರು ಮೈಕಿನ ಮುಂದೆ ನಿಂತರು. ಮಳೆಮಾಪಕದಿಂದ ಶುರುಮಾಡಿದರು. ಹದಿನಾರು ಹೆಜ್ಜೆ ಹೇಳಿದರು, ತೊಂಬತ್ತೊಂದು ದಿನ ಹೇಳಿದರು, ನಲವತ್ತೇಳರವರೆಗಿನ ಭಾಗಾಕಾರ ಹೇಳಿದರು. ಅಲ್ಲಿಗೆ ಬಂದು ದಾರಿ ಎರಡಾಯಿತು. ಅವರು ಪೇಟವನ್ನು ಎರಡೂ ಕೈಯಿಂದ ಹಿಂದಕ್ಕೆ ಸರಿಸಿದರು.

“ಈ ಸಂಖ್ಯೆ ಒಡೆಯುವುದಿಲ್ಲ ಎಂದು ಲೋಕ ನಂಬಿತ್ತು” ಎಂದರು ಗಂಭೀರವಾಗಿ. “ಇಂದು ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ, ಈ ಗೋಡೆಯ ಎದುರು, ನಾನು ಅದನ್ನು ಒಡೆದೆ.”

ರೂಪಾ ನಾಯಕ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಚಪ್ಪಾಳೆ ಬಿತ್ತು. ಮಕ್ಕಳು ಭಾಷಣ ನಿಂತಾಗಲೆಲ್ಲ ಚಪ್ಪಾಳೆ ಹೊಡೆಯುತ್ತಾರೆ. ಅದು ತಮಗೆ ಬಂದದ್ದೆಂದು ಭಟ್ಟರು ಇನ್ನೊಂದು ದಿನವಾಗಿದ್ದರೆ ಖಂಡಿತ ನಂಬುತ್ತಿದ್ದರು. ಇವತ್ತು ಅವರ ಕಣ್ಣು ಪದೇ ಪದೇ ಏಳು ಸಾಲುಗಳ ಮೇಲೆ ಹೋಗುತ್ತಿತ್ತು. ಚಪ್ಪಾಳೆ ನಿಂತಮೇಲೆ ಮೈಕಿನಿಂದ ಸ್ವಲ್ಪ ದೂರ ಸರಿದು ಹೇಳಿದರು:

“ಆ ಲೋಕದಲ್ಲಿ ಜನ ಹೆಚ್ಚಿರಲಿಲ್ಲ. ನಾನೊಬ್ಬನೇ ಇದ್ದೆ. ನನಗೆ ಹದಿಮೂರರ ಮಗ್ಗಿ ಬರೂದಿಲ್ಲ.”

ಈ ಮಾತಿಗೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಆದರೆ ಮೊದಲ ಸಲ ಮಕ್ಕಳೆಲ್ಲ ತಲೆಯೆತ್ತಿ ಅವರನ್ನೇ ನೋಡಿದರು. ಹಿಂದಿನ ಸಾಲಿನಲ್ಲಿ ಯಾರೋ “ನಂಗೂ ಬರೂದಿಲ್ಲ” ಎಂದದ್ದು ಕೇಳಿಸಿತು. ಭಟ್ಟರು ಇನ್ನೂ ನಲವತ್ತು ನಿಮಿಷ ಮಾತಾಡಿದರು, ಅದರಲ್ಲಿ ಮೂವತ್ತೆಂಟು ನಿಮಿಷ ಕಣ್ಣಿನ ಆಪರೇಷನ್ನಿನದು.

ಊಟದ ಹೊತ್ತಿಗೆ ಅವರು ಗೋಡೆಯ ಬಳಿ ಬಂದರು. ಬಾಳಾ ಏಣಿ ಹತ್ತಿದ್ದ. ಭಟ್ಟರು ಜೇಬಿನ ಚೀಟಿಯನ್ನು ಹರಿದು, ಬಾಯಿಂದಲೇ ಹೇಳಿದರು: “ಬರಿ. ಇದು ಭಾಜ್ಯ ಸಂಖ್ಯೆ. ಹದಿಮೂರು ಒಂದುಗಳಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಕೆಳಗೆ, ದೊಡ್ಡದಾಗಿ, ಒಡೆದವರು ಗಜಾನನ ಭಟ್ಟ, ಕಾರವಾರ.”

ಬಾಳಾ ಮೊದಲೆರಡು ವಾಕ್ಯ ಬರೆದ. ಅಕ್ಷರ ಚೆನ್ನಾಗಿತ್ತು. ಆಮೇಲೆ ಬ್ರಷ್ಷನ್ನು ಡಬ್ಬಿಯ ಬಾಯಿಗೆ ಒರೆಸುತ್ತ ನಿಂತ.

“ಪಾಲ್ ಹಾಕ್ದವ್ರ ಹೆಸ್ರು, ಭಟ್ರೆ?”

“ಯಾರದು?”

“ನಂದು.”

ಭಟ್ಟರು ಪಟ್ಟಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. “ಜಾಗ ಸಾಲೂದಿಲ್ಲ ಮಾರಾಯಾ. ನೋಡು, ನನ್ನ ಹೆಸ್ರೇ ಇಲ್ಲಿಂದ ಅಲ್ಲೀವರೆಗೆ ಆಗ್ತದೆ.”

ಬಾಳಾ ಎಡಗೈಯನ್ನು ಗೋಡೆಗೆ ಹಚ್ಚಿ ಗೇಣು ಹಾಕಿದ. ಒಂದು, ಎರಡು, ಮೂರು, ನಾಲ್ಕು. ಮರಳಿನ ಮೇಲೆ ಮೀನಿನ ಸಾಲು ನೋಡುವ ಹಾಗೆ ತಲೆ ವಾಲಿಸಿ ನೋಡಿದ.

“ಸಮಾ ಎರಡು ಪಾಲ್ ಆಗ್ತದೆ” ಎಂದ. “ನಿಮ್ದು ಸಣ್ಣ ಮಾಡಿದ್ರೆ.”

ಭಟ್ಟರು ಪಟ್ಟಿಯನ್ನು ಇನ್ನೊಮ್ಮೆ ನೋಡಿದರು. ಶಾಲು ಹೆಗಲಿನಿಂದ ಜಾರುತ್ತಿತ್ತು, ಮಕ್ಕಳು ತಟ್ಟೆ ಹಿಡಿದು ಸುತ್ತ ನಿಂತಿದ್ದರು. ಬಣ್ಣ ಬ್ರಷ್ಷಿನ ತುದಿಯಿಂದ ತೊಟ್ಟಿಕ್ಕಲು ತಯಾರಾಗಿತ್ತು.

“ಎಷ್ಟು ಸಣ್ಣ?” ಎಂದು ಕೇಳಿದರು.